ಹಾಲ್‌ಗೆ ಎಷ್ಟು ದೊಡ್ಡ ಸೋಫಾ? ಗೋಡೆ ಅಳೆದರೆ ಸಾಲದು, ಉಳಿಯುವ ನೆಲವನ್ನು ಅಳೆಯಿರಿ

"ಸೋಫಾ ಕೊಳ್ಳುವ ಮುನ್ನ ಈ ಚಿನ್ನದ ಸೂತ್ರ ನೆನಪಿರಲಿ. ಗೋಡೆಯ ಉದ್ದದ ಮೂರರಲ್ಲಿ ಎರಡು ಪಾಲು, ಅಷ್ಟೇ!" ಇಂಥದ್ದೊಂದು ಚಿತ್ರ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಹಿಂದೆಯೇ ಇನ್ನಷ್ಟು ಬರುತ್ತವೆ. "ಸಣ್ಣ ಹಾಲ್‌ಗೆ ಎಲ್ ಶೇಪ್ ಸೋಫಾನೇ ಸರಿ." "ಸೋಫಾ ಮೆತ್ತಗಿದ್ದಷ್ಟೂ ವಯಸ್ಸಾದವರಿಗೆ ಒಳ್ಳೆಯದು." "ನೆಲದ ಮೇಲೆ ಕೂತರೆ ಆಯಸ್ಸು ಹೆಚ್ಚುತ್ತೆ."

ಇವುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ? ಮುಳಬಾಗಿಲು ತಾಲ್ಲೂಕಿನ ನಂಗಲಿಯಂಥ ಊರಿನ ಒಂದು ಸಾಮಾನ್ಯ ಮನೆಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿ ನೋಡೋಣ.

ಮೊದಲು ಚಿಕ್ಕ ಉತ್ತರ

ಸೋಫಾದ ಸರಿಯಾದ ಅಳತೆಯನ್ನು ಗೋಡೆ ಹೇಳುವುದಿಲ್ಲ. ಮೂರು ಸಂಗತಿಗಳು ಹೇಳುತ್ತವೆ: ಸೋಫಾ ಇಟ್ಟ ಮೇಲೆ ಉಳಿಯುವ ನೆಲ, ಸೋಫಾ ಒಳಗೆ ಬರಬೇಕಾದ ಬಾಗಿಲು, ಅದರ ಮೇಲೆ ದಿನಾ ಕೂತು ಏಳುವವರ ಮಂಡಿ. ಈ ಮೂರಕ್ಕೂ ಹೊಂದಿದ ಮೇಲೆ ಅಂದ ನೋಡಬಹುದು.

ಚಿತ್ರದಲ್ಲಿರುವ ಹಾಲ್ ನಮ್ಮ ಹಾಲ್ ಅಲ್ಲ

ನಂಗಲಿ ಗಡಿ ಊರು. ಬೆಂಗಳೂರಿನಿಂದ ತಿರುಪತಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಇದನ್ನು ದಾಟಿದರೆ ಆಂಧ್ರಪ್ರದೇಶ. ಹನ್ನೆರಡನೇ ಶತಮಾನದ ಹೊಯ್ಸಳ ಶಾಸನಗಳಲ್ಲಿ ವಿಷ್ಣುವರ್ಧನನ ರಾಜ್ಯದ ಪೂರ್ವದ ಎಲ್ಲೆ ಎಂದು ಹೆಸರಾಗಿರುವುದೂ ಇದೇ ನಂಗಲಿಯ ಘಟ್ಟ. ಇಂದು ಇಲ್ಲಿಯವರು ಸೋಫಾ ನೋಡಲು ಮುಳಬಾಗಿಲಿಗೆ ಹೋಗಬಹುದು, ಕೋಲಾರಕ್ಕೆ ಹೋಗಬಹುದು, ಗಡಿ ದಾಟಿ ಪಲಮನೇರಿಗೂ ಹೋಗಬಹುದು. ಫೋನಿನಲ್ಲೇ ನೋಡಿ ಆರ್ಡರ್ ಮಾಡುವವರೂ ಇದ್ದಾರೆ. ಹೀಗೆ ದೂರದಿಂದ ಟೆಂಪೋದಲ್ಲಿ ಬಂದ ಸೋಫಾ ಹೊಂದಲಿಲ್ಲ ಎಂದರೆ ವಾಪಸ್ ಕಳಿಸುವುದು ಸುಲಭವಲ್ಲ. ಬಾಡಿಗೆ ನಮ್ಮದು, ಕಂತೂ ನಮ್ಮದು.

ಫಾರ್ವರ್ಡ್‌ಗಳಲ್ಲಿ ಕಾಣುವ ಚಿತ್ರಗಳು ಸಾಮಾನ್ಯವಾಗಿ ದೊಡ್ಡ ಬಂಗಲೆಗಳವು. ಅಲ್ಲಿ ಹಾಲ್ ಎಂದರೆ ಕೂತು ಮಾತಾಡುವ ಜಾಗ, ಅಷ್ಟೇ. ನಮ್ಮಲ್ಲಿ ಹಾಗಲ್ಲ. ಬೆಳಿಗ್ಗೆ ಅದೇ ಹಾಲ್‌ನಲ್ಲಿ ಕಾಫಿ, ಮಧ್ಯಾಹ್ನ ಊಟ, ಸಂಜೆ ಮಕ್ಕಳ ಹೋಮ್‌ವರ್ಕ್, ರಾತ್ರಿ ಚಾಪೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶ ಅಲ್ಲೇ, ಹೆಣ್ಣು ನೋಡಲು ಬಂದವರಿಗೆ ಜಮಖಾನ ಅಲ್ಲೇ. ರೇಷ್ಮೆ ಹುಳು ಸಾಕುತ್ತಿದ್ದ ಎಷ್ಟೋ ಮನೆಗಳಲ್ಲಿ ತಟ್ಟೆ, ಚಂದ್ರಿಕೆಗಳೂ ವಾಸದ ಮನೆಯೊಳಗೇ ಇರುತ್ತಿದ್ದವು.

ಜಾಗವೂ ಅಷ್ಟಕ್ಕಷ್ಟೇ. ನಮ್ಮ ಕಡೆ ಸಾಮಾನ್ಯವಾದ 20x30 ಸೈಟ್ ಎಂದರೆ ಒಟ್ಟು 600 ಚದರ ಅಡಿ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಇಡೀ ಮನೆಯ ಕನಿಷ್ಠ ಅಳತೆ, ಅಡುಗೆ ಜಾಗವೂ ಸೇರಿ, 25 ಚದರ ಮೀಟರ್. ಅಂದರೆ ಸುಮಾರು 269 ಚದರ ಅಡಿ. ಇಂಥ ಮನೆಗಳಲ್ಲಿ ಹಾಲ್‌ಗೆ 10 ಅಡಿ ಅಗಲ, 12 ಅಡಿ ಉದ್ದ ಸಿಕ್ಕರೆ ಅದೇ ಧಾರಾಳ. ಮುಂದಿನ ಲೆಕ್ಕಕ್ಕೆಲ್ಲ ಈ 10x12 ಹಾಲನ್ನೇ ಇಟ್ಟುಕೊಳ್ಳೋಣ.

"ಮೂರರಲ್ಲಿ ಎರಡು ಪಾಲು": ಅರ್ಧ ನಿಜ

ಇದು ವಿಜ್ಞಾನದ ನಿಯಮವಲ್ಲ. ಒಳಾಂಗಣ ವಿನ್ಯಾಸ ಮಾಡುವವರು ಕಣ್ಣಿಗೆ ಹಿತವಾಗಿ ಕಾಣಲಿ ಎಂದು ಬಳಸುವ ಅಂದಾಜು. ಇದನ್ನೇ ಕೆಲವು ಸಂದೇಶಗಳು "ಸುವರ್ಣ ಅನುಪಾತ" ಎಂದು ದೊಡ್ಡದು ಮಾಡುತ್ತವೆ. ಗಣಿತದಲ್ಲಿ ಸುವರ್ಣ ಅನುಪಾತ ಎಂದರೆ ಸುಮಾರು 1.618. ಅದರಂತೆ ಹೋದರೆ ಸೋಫಾ ಗೋಡೆಯ ನೂರಕ್ಕೆ 62 ಪಾಲು ಇರಬೇಕು, 67 ಅಲ್ಲ. ಎರಡೂ ಬೇರೆ ಬೇರೆ ಲೆಕ್ಕ. ಯಾವುದನ್ನು ಪಾಲಿಸಿದರೂ ಮನೆಯವರಿಗೆ ಓಡಾಡಲು ಜಾಗ ಸಿಗುತ್ತದೆ ಎಂಬ ಖಾತ್ರಿಯಿಲ್ಲ.

ಈ ಸೂತ್ರದ ದೊಡ್ಡ ಕೊರತೆ ಏನೆಂದರೆ ಅದು ಉದ್ದವನ್ನು ಮಾತ್ರ ಕೇಳುತ್ತದೆ. ಸೋಫಾ ಗೋಡೆಯಿಂದ ಎಷ್ಟು ಮುಂದಕ್ಕೆ ಚಾಚುತ್ತದೆ ಎಂದು ಕೇಳುವುದೇ ಇಲ್ಲ. ಅಂಗಡಿಯಲ್ಲಿ ಇದಕ್ಕೆ ಡೆಪ್ತ್ ಎನ್ನುತ್ತಾರೆ. 12 ಅಡಿ ಗೋಡೆಗೆ 8 ಅಡಿ ಸೋಫಾ ಎಂದು ಸೂತ್ರ ಹೇಳುತ್ತದೆ. ಆದರೆ ಅದೇ ಉದ್ದದ ಒಂದು ಸೋಫಾ ಎರಡೂವರೆ ಅಡಿ ಚಾಚಿದರೆ ಇನ್ನೊಂದು ಮೂರು ಅಡಿ, ಅದಕ್ಕಿಂತ ಹೆಚ್ಚೂ ಚಾಚಬಹುದು. ಬರೀ ಅರ್ಧ ಅಡಿ ತಾನೇ ಅನ್ನಿಸಬಹುದು. ಆ ಅರ್ಧ ಅಡಿಯ ಬೆಲೆ ನೋಡೋಣ.

ಆರು ಇಂಚು, ಒಂದು ಚಾಪೆ

ಉದ್ದದ ಗೋಡೆಗೆ ಸೋಫಾ, ಎದುರು ಗೋಡೆಗೆ ಟಿವಿ ಎಂದುಕೊಳ್ಳಿ. ನಡುವಿನ ಅಗಲ 10 ಅಡಿ. ಟಿವಿ ಸ್ಟ್ಯಾಂಡ್‌ಗೆ ಒಂದೂಕಾಲು ಅಡಿ ಹೋಯಿತು.

ಸೋಫಾ ಎರಡೂವರೆ ಅಡಿ ಚಾಚುವಂಥದ್ದಾದರೆ ಉಳಿಯುವುದು ಆರೂಕಾಲು ಅಡಿ. ಮೂರು ಅಡಿ ಅಗಲದ ಎರಡು ಚಾಪೆ ಅಕ್ಕಪಕ್ಕ ಹಾಸಬಹುದು.

ಸೋಫಾ ಮೂರು ಅಡಿ ಚಾಚುವಂಥದ್ದಾದರೆ ಉಳಿಯುವುದು ಐದೂಮುಕ್ಕಾಲು ಅಡಿ. ಎರಡನೇ ಚಾಪೆಗೆ ಮೂರು ಇಂಚು ಕಡಿಮೆ.

ಇದರ ಜೊತೆಗೆ ಎರಡು ಅಡಿ ಅಗಲದ ಟೀಪಾಯಿ ಇಟ್ಟರೆ? ಸೋಫಾ ಮತ್ತು ಟೀಪಾಯಿ ನಡುವೆ ಕಾಲು ಚಾಚಲು ಒಂದೂವರೆ ಅಡಿ ಬೇಕು. ಹಾಗಾದರೆ ಟೀಪಾಯಿಗೂ ಟಿವಿಗೂ ನಡುವೆ ಉಳಿಯುವುದು ಎರಡೂಕಾಲು ಅಡಿ. ಒಬ್ಬರು ನೆಮ್ಮದಿಯಾಗಿ ನಡೆದು ಹೋಗಲು ಎರಡೂವರೆ ಅಡಿ ಬೇಕು. ಗಾಲಿಕುರ್ಚಿ ಬಳಸುವವರಿದ್ದರೆ ಮೂರು ಅಡಿ. ಮನೆಯಲ್ಲಿ ಯಾರಿಗಾದರೂ ಕಾಲು ಮುರಿದು ವಾಕರ್ ಹಿಡಿಯಬೇಕಾಗಿ ಬಂದ ದಿನ ಈ ಲೆಕ್ಕ ನೆನಪಾಗುತ್ತದೆ.

ಇನ್ನೊಂದು ರೀತಿಯಲ್ಲೂ ನೋಡಬಹುದು. ಒಬ್ಬರು ಮಲಗುವ ಚಾಪೆ ಆರು ಅಡಿ ಉದ್ದ, ಮೂರು ಅಡಿ ಅಗಲ. ಅಂದರೆ 18 ಚದರ ಅಡಿ. ಆರೂವರೆ ಅಡಿ ಉದ್ದ, ಎರಡೂಮುಕ್ಕಾಲು ಅಡಿ ಚಾಚುವ ಮೂರು ಸೀಟಿನ ಸೋಫಾ ಕೂಡ ಸುಮಾರು 18 ಚದರ ಅಡಿಯೇ. ಮೂವರು ಕೂರುವ ಸೋಫಾ ತಂದಿರಿ ಎಂದರೆ ಒಬ್ಬರು ಮಲಗುವ ಜಾಗ ಕೊಟ್ಟಿರಿ ಎಂದರ್ಥ. ಕೊಡಬಾರದು ಎಂದಲ್ಲ. ಗೊತ್ತಿದ್ದು ಕೊಡಬೇಕು.

ಮದುವೆ ಸಾಮಾನಿನಲ್ಲಿ ಸಾಮಾನ್ಯವಾಗಿ ಬರುವ "3+1+1" ಸೆಟ್ಟಿನ ಕಥೆ ಇನ್ನೂ ದೊಡ್ಡದು. ಮೂರು ಸೀಟಿನದು 18, ಒಂಟಿ ಸೀಟಿನವು ಎಂಟೆಂಟು, ಒಟ್ಟು 34 ಚದರ ಅಡಿ. ಟೀಪಾಯಿ 7, ಟಿವಿ ಸ್ಟ್ಯಾಂಡ್ 5, ಮುಂಬಾಗಿಲು ತೆರೆದು ಮುಚ್ಚಲು ಬೇಕಾದ ಜಾಗ ಸುಮಾರು 10. ಅಲ್ಲಿಗೆ 56. ಹಾಲ್ ಇರುವುದೇ 120 ಚದರ ಅಡಿ. ಹೆಚ್ಚುಕಡಿಮೆ ಅರ್ಧ ಹಾಲ್ ಹೋಯಿತು, ಕೂರಲು ಸಿಕ್ಕಿದ್ದು ಐದು ಜನಕ್ಕೆ. ಸೋಫಾ ಮತ್ತು ಟೀಪಾಯಿ ಹಿಡಿದ ಜಾಗದಲ್ಲೇ ಜಮಖಾನ ಹಾಸಿದರೆ ಎಂಟು ಜನ ಚಕ್ಕಳಮಕ್ಕಳ ಹಾಕಿ ಕೂರಬಹುದು. ಹುಡುಗನ ಮನೆಯ ಹಾಲ್ ಅಳೆಯದೆ ಸೆಟ್ ಕೊಡಿಸಿದರೆ ಹೊಸ ಸೊಸೆಯೇ ಅದರ ಸಂದಿಯಲ್ಲಿ ಅಡ್ಡಡ್ಡ ನಡೆಯಬೇಕಾಗುತ್ತದೆ.

ಹಾಗಾದರೆ ಎಲ್ ಶೇಪ್? ಅದು ಮೂಲೆಯನ್ನು ಬಳಸಿಕೊಳ್ಳುತ್ತದೆ ಎನ್ನುವುದು ನಿಜ. ಆದರೆ 8 ಅಡಿ ಮತ್ತು 6 ಅಡಿ ತೋಳಿನ, ಮೂರು ಅಡಿ ಚಾಚುವ ಎಲ್ ಸೋಫಾ 33 ಚದರ ಅಡಿ ಹಿಡಿಯುತ್ತದೆ. 3+1+1 ಸೆಟ್ಟಿಗಿಂತ ಒಂದೇ ಒಂದು ಚದರ ಅಡಿ ಉಳಿತಾಯ. ಒಂಟಿ ಸೀಟುಗಳನ್ನಾದರೆ ಹಬ್ಬದ ದಿನ ಎತ್ತಿ ಜಗಲಿಗೆ ಇಡಬಹುದು. ಎಲ್ ಸೋಫಾವನ್ನು ಇಟ್ಟಲ್ಲಿಂದ ಕದಲಿಸುವುದು ಕಷ್ಟ. ಬಾಡಿಗೆ ಮನೆಯವರಿಗಂತೂ ಇನ್ನೊಂದು ತೊಂದರೆ: ಈ ಮನೆಯ ಎಡಮೂಲೆಗೆ ಕೊಂಡದ್ದು ಮುಂದಿನ ಮನೆಯ ಬಲಮೂಲೆಗೆ ಕೂರುವುದಿಲ್ಲ.

ಬಾಗಿಲಲ್ಲಿ ಸಿಕ್ಕಿಕೊಂಡ ಸೋಫಾ: ಗಣಿತಜ್ಞರಿಗೂ ತಲೆನೋವು

ನಂಬಿದರೆ ನಂಬಿ, ಇದು ಗಣಿತದ ಒಂದು ಪ್ರಸಿದ್ಧ ಸಮಸ್ಯೆ. 1966ರಲ್ಲಿ ಲಿಯೋ ಮೋಸರ್ ಎಂಬ ಗಣಿತಜ್ಞ ಒಂದು ಪ್ರಶ್ನೆ ಕೇಳಿದರು: ಒಂದೇ ಅಗಲದ ಎರಡು ಓಣಿಗಳು ಲಂಬವಾಗಿ ಕೂಡುವ ತಿರುವಿನಲ್ಲಿ, ನೆಲದ ಮೇಲೇ ಜರುಗಿಸಿ ದಾಟಿಸಬಹುದಾದ ಅತಿ ದೊಡ್ಡ ಸೋಫಾ ಎಷ್ಟು ದೊಡ್ಡದು? 1992ರಲ್ಲಿ ಜೋಸೆಫ್ ಗರ್ವರ್ ಒಂದು ಆಕಾರ ಸೂಚಿಸಿದರು. ನೋಡಲು ಹಳೆಯ ಟೆಲಿಫೋನ್ ರಿಸೀವರ್‌ನಂತಿದೆ. ಓಣಿಯ ಅಗಲ 1 ಎಂದಾದರೆ ಅದರ ವಿಸ್ತೀರ್ಣ 2.2195. ಇದಕ್ಕಿಂತ ದೊಡ್ಡದು ಸಾಧ್ಯವೇ ಇಲ್ಲ ಎಂಬುದಕ್ಕೆ ದಕ್ಷಿಣ ಕೊರಿಯಾದ ಬೇಕ್ ಜಿನ್ಯೊನ್ 2024ರ ನವೆಂಬರ್‌ನಲ್ಲಿ ನೂರಕ್ಕೂ ಹೆಚ್ಚು ಪುಟಗಳ ಪುರಾವೆ ಮುಂದಿಟ್ಟರು.

ನಮ್ಮ ಮನೆಗೆ ಇದರಿಂದ ಏನು ಉಪಯೋಗ? ನಮ್ಮ ಸೋಫಾ ರಿಸೀವರ್ ಆಕಾರದ್ದಲ್ಲ, ಆಯತ. ಆಯತದ ಲೆಕ್ಕ ಸುಲಭ. ಮನೆಯ ಪಕ್ಕದ ಓಣಿ ಮೂರು ಅಡಿ ಅಗಲವಿದ್ದು, ಅಲ್ಲಿಂದ ಅಷ್ಟೇ ಅಗಲದ ಇನ್ನೊಂದು ಜಾಗಕ್ಕೆ ತಿರುಗಬೇಕಾದರೆ, ಎರಡೂವರೆ ಅಡಿ ಚಾಚುವ ಸೋಫಾ ಮೂರೂವರೆ ಅಡಿಗಿಂತ ಉದ್ದವಿದ್ದರೆ ಮಲಗಿಸಿ ತಿರುಗಿಸಲು ಆಗದು. ಅಂದರೆ ಒಂಟಿ ಸೀಟು ಮಾತ್ರ. ಅದೇ ಓಣಿ ನಾಲ್ಕು ಅಡಿ ಇದ್ದರೆ ಆರೂಕಾಲು ಅಡಿ ಸೋಫಾ ತಿರುಗುತ್ತದೆ. ಒಂದು ಅಡಿ ಅಗಲ ಹೆಚ್ಚಿದರೆ ಹೆಚ್ಚುಕಡಿಮೆ ಎರಡರಷ್ಟು ಉದ್ದ!

ಸಾಮಾನು ಸಾಗಿಸುವ ಹುಡುಗರು ಗಣಿತ ಓದದೆಯೂ ಇದಕ್ಕೆ ಉಪಾಯ ಕಂಡುಕೊಂಡಿದ್ದಾರೆ. ಸೋಫಾವನ್ನು ನೆಟ್ಟಗೆ ನಿಲ್ಲಿಸಿ ತಿರುಗಿಸುತ್ತಾರೆ. ಅದಕ್ಕೆ ತಲೆಯ ಮೇಲೆ ಸೋಫಾದ ಉದ್ದದಷ್ಟು ಜಾಗ ಬೇಕು. ಮೆಟ್ಟಿಲ ಕೆಳಗೆ, ಸಜ್ಜಾ ಕೆಳಗೆ, ತಗ್ಗಾದ ಹೆಂಚಿನ ಮಾಡಿನ ಕೆಳಗೆ ಅದು ಸಿಗುವುದಿಲ್ಲ.

ಬಾಗಿಲಿನಲ್ಲೂ ಒಂದು ಮೋಸವಿದೆ. "ನಮ್ಮದು ಮೂರೂವರೆ ಅಡಿ ಬಾಗಿಲು" ಎನ್ನುತ್ತೇವೆ. ಅದು ಹೆಚ್ಚಾಗಿ ಚೌಕಟ್ಟು ಸೇರಿದ ಅಳತೆ. ಎರಡೂ ಕಡೆಯ ಚೌಕಟ್ಟು, ತೆರೆದು ನಿಂತ ಬಾಗಿಲಿನ ದಪ್ಪ ಕಳೆದರೆ ಮೂರು ಅಡಿಗೂ ಕಡಿಮೆ ಉಳಿಯಬಹುದು. ಸೋಫಾದ ಎತ್ತರ ಅಥವಾ ಚಾಚು, ಎರಡರಲ್ಲಿ ಒಂದಾದರೂ ಆ ತೆರವಿಗಿಂತ ಕಡಿಮೆ ಇರಲೇಬೇಕು. ಕಾಲು ಬಿಚ್ಚಲು ಬರುವ, ಬಿಡಿಬಿಡಿಯಾಗಿ ಜೋಡಿಸುವ ಸೋಫಾ ಈ ವಿಷಯದಲ್ಲಿ ಅನುಕೂಲ.

ಮೆತ್ತಗಿದ್ದಷ್ಟೂ ಹಿರಿಯರಿಗೆ ಒಳ್ಳೆಯದೇ? ತಪ್ಪು

ಸೋಫಾದ ಅಳತೆ ಎಂದರೆ ಉದ್ದ ಅಗಲ ಮಾತ್ರವಲ್ಲ. ಸೀಟಿನ ಎತ್ತರವೂ ಅಳತೆಯೇ. ಸೀಟು ತಗ್ಗಿದಷ್ಟೂ ಏಳುವಾಗ ಮಂಡಿ ಮತ್ತು ಸೊಂಟದ ಮೇಲೆ ಬೀಳುವ ಭಾರ ಹೆಚ್ಚು. ಮೆತ್ತನೆಯ ಕುಶನ್ ಕೂತಾಗ ಕುಸಿಯುವುದರಿಂದ ಅಂಗಡಿಯಲ್ಲಿ 17 ಇಂಚು ಎಂದು ಅಳೆದ ಸೀಟು ಕೂತ ಮೇಲೆ 14 ಇಂಚು ಆಗಬಹುದು. ಅಜ್ಜಿ ಸೋಫಾದಲ್ಲಿ ಹೂತುಹೋದ ಹಾಗೆ ಕೂತು, ಏಳಲು ಇಬ್ಬರ ಕೈ ಹಿಡಿಯಬೇಕಾಗುವುದು ಇದಕ್ಕೇ. ಅದು ವಯಸ್ಸಿನ ದೋಷವೇ ಆಗಿರಬೇಕಿಲ್ಲ, ಸೀಟಿನ ದೋಷವೂ ಇರಬಹುದು.

ಅಳೆಯುವುದು ಹೇಗೆ? ಹಿರಿಯರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಚಪ್ಪಲಿ ಬಿಟ್ಟು ಕೂರಲು ಹೇಳಿ, ಮನೆಯಲ್ಲಿ ಬರಿಗಾಲಲ್ಲೇ ತಾನೇ ಇರುವುದು. ಐದು ನಿಮಿಷ ಕೂತ ಮೇಲೆ ಮೂರು ವಿಷಯ ನೋಡಿ:

- ಪಾದ ಪೂರ್ತಿ ನೆಲಕ್ಕೆ ಊರಿರಬೇಕು, ಮಂಡಿ ಸೊಂಟಕ್ಕಿಂತ ಮೇಲೆ ಇರಬಾರದು.
- ಬೆನ್ನು ಒರಗಿಸಿದಾಗ ಮಂಡಿಯ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಮೂರು ಬೆರಳು ತೂರಬೇಕು. ತೂರದಿದ್ದರೆ ಸೀಟು ಅವರಿಗೆ ಆಳವಾಯಿತು.
- ಕೈಯೂರದೆ, ಅಥವಾ ಗಟ್ಟಿಯಾದ ಕೈಹಿಡಿ ಊರಿ, ಒಬ್ಬರೇ ಏಳಲು ಆಗಬೇಕು.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ, ಹಿರಿಯರಿಗೆ ಬೀಳುವ ಅಪಾಯ ಎಷ್ಟಿದೆ ಎಂದು ತಿಳಿಯಲು ಒಂದು ಪರೀಕ್ಷೆ ಸೂಚಿಸುತ್ತದೆ. ಕೈಯನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಕುರ್ಚಿಯಿಂದ ಎದ್ದು ಕೂರುತ್ತಾರೆ ಎಂದು ಎಣಿಸುವುದು. ಅದಕ್ಕೆ ಬಳಸುವ ಕುರ್ಚಿಯ ಸೀಟಿನ ಎತ್ತರ 17 ಇಂಚು. ಹೆಚ್ಚಿನವರಿಗೆ 16ರಿಂದ 18 ಇಂಚು ಹೊಂದುತ್ತದೆ. ಕುಳ್ಳಗಿರುವವರಿಗೆ 16ರ ಹತ್ತಿರ, ಮಂಡಿನೋವಿನವರಿಗೆ 18ರ ಹತ್ತಿರ.

ನೆಲದ ಮೇಲೆ ಕೂತರೆ ಆಯಸ್ಸು ಹೆಚ್ಚುತ್ತದೆಯೇ? ಅರ್ಧ ನಿಜ

ಈ ಸಂದೇಶದ ಹಿಂದೆ ನಿಜವಾದ ಒಂದು ಅಧ್ಯಯನವಿದೆ. ಬ್ರೆಜಿಲ್‌ನ ವೈದ್ಯರು 51ರಿಂದ 80 ವರ್ಷದ 2,002 ಜನರನ್ನು ನೆಲದ ಮೇಲೆ ಕೂತು ಏಳಲು ಹೇಳಿ ಅಂಕ ಕೊಟ್ಟರು. ಕೈ, ಮಂಡಿ ಊರಿದಷ್ಟೂ ಅಂಕ ಕಡಿಮೆ. ಕಡಿಮೆ ಅಂಕ ಪಡೆದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚು ಕಂಡಿತು. 2012ರಲ್ಲಿ ಇದು ಪ್ರಕಟವಾಯಿತು.

ಆದರೆ ನೆಲದ ಮೇಲೆ ಕೂತದ್ದರಿಂದ ಆಯಸ್ಸು ಹೆಚ್ಚಿತು ಎಂದು ಅದು ಹೇಳುವುದಿಲ್ಲ. ಸುಲಭವಾಗಿ ಕೂತು ಏಳಬಲ್ಲವರ ಸ್ನಾಯುಬಲ, ಸಮತೋಲ ಚೆನ್ನಾಗಿದೆ ಎಂಬ ಗುರುತು ಅದು. ಜ್ವರ ಅಳೆಯುವ ಥರ್ಮಾಮೀಟರ್ ಜ್ವರ ಇಳಿಸುವುದಿಲ್ಲವಲ್ಲ, ಹಾಗೆ. ಮಂಡಿ ಸವೆದ ಅಪ್ಪನನ್ನು ಫಾರ್ವರ್ಡ್ ನೋಡಿ ನೆಲಕ್ಕೆ ಕೂರಿಸಬೇಡಿ. ಕೂರಲು ಆಗುವವರಿಗೆ ಆ ಅಭ್ಯಾಸ ಒಳ್ಳೆಯದೇ. ಅದಕ್ಕೂ ಖಾಲಿ ನೆಲ ಬೇಕು.

ರಂಗೋಲಿ ಪುಡಿಯ ಪರೀಕ್ಷೆ

ದುಡ್ಡು ಕೊಡುವ ಮುಂಚೆ ಇದೊಂದನ್ನು ಮಾಡಿ.

1. ಅಂಗಡಿಯಲ್ಲಿ ಸೋಫಾದ ಉದ್ದ, ಚಾಚು, ಎತ್ತರ ಮೂರನ್ನೂ ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. "ಮೂರು ಸೀಟಿನದು" ಎಂಬುದು ಅಳತೆಯಲ್ಲ, ಕಂಪನಿಯಿಂದ ಕಂಪನಿಗೆ ಒಂದಡಿ ವ್ಯತ್ಯಾಸ ಬರುತ್ತದೆ.
2. ಮನೆಗೆ ಬಂದು, ಇಡಬೇಕೆಂದಿರುವ ಜಾಗದಲ್ಲಿ ಅದೇ ಅಳತೆಗೆ ರಂಗೋಲಿ ಪುಡಿಯಿಂದ ಗೆರೆ ಎಳೆಯಿರಿ. ಟೀಪಾಯಿಗೂ ಎಳೆಯಿರಿ.
3. ಎರಡು ದಿನ ಗುಡಿಸದೆ ಬಿಡಿ. ಎಲ್ಲಿ ಗೆರೆ ಅಳಿಸಿದೆಯೋ ಅಲ್ಲಿ ನಿಮ್ಮ ಮನೆಯವರು ನಡೆಯುತ್ತಾರೆ. ಅಲ್ಲಿ ಸೋಫಾ ಬಂದರೆ ದಿನಾ ಎಡವುತ್ತಾರೆ.
4. ತೋಟದ ಮನೆಯಾದರೆ ಟೊಮೆಟೊ ಕ್ರೇಟುಗಳನ್ನೇ ಆ ಗೆರೆಯೊಳಗೆ ಜೋಡಿಸಿ ಇಡಿ. ಗೆರೆಗಿಂತ ಕ್ರೇಟು ಚೆನ್ನಾಗಿ ಅರ್ಥ ಮಾಡಿಸುತ್ತದೆ.
5. ರಾತ್ರಿ ಚಾಪೆ ಹಾಸಿ ನೋಡಿ. ಕಿಟಕಿ, ಬೀರು, ಬಾಗಿಲು ಪೂರ್ತಿ ತೆರೆದು ನೋಡಿ.
6. ಕೊನೆಗೆ ಗೇಟಿನಿಂದ ಹಾಲ್‌ವರೆಗೆ ಪ್ರತಿ ಬಾಗಿಲು, ಪ್ರತಿ ತಿರುವಿನ ಅಗಲ ಅಳೆಯಿರಿ.

ಹಾಗಾದರೆ ಏನು ಕೊಳ್ಳಬೇಕು?

10x12ರಷ್ಟಿರುವ ಹಾಲ್‌ಗೆ ಎರಡೂವರೆ ಅಡಿಗಿಂತ ಹೆಚ್ಚು ಚಾಚದ ಮೂರು ಸೀಟಿನ ಒಂದು ಸೋಫಾ ಸಾಕು. ಜೊತೆಗೆ ಎತ್ತಿಡಬಹುದಾದ ಎರಡು ಕುರ್ಚಿ. ದೊಡ್ಡ ಟೀಪಾಯಿ ಬದಲು ಪಕ್ಕಕ್ಕೆ ಸರಿಸಬಹುದಾದ ಸಣ್ಣ ಸ್ಟೂಲು. ಅದಕ್ಕಿಂತ ಸಣ್ಣ ಹಾಲ್ ಆದರೆ ಎರಡು ಸೀಟಿನದು, ಅಥವಾ ಹಗಲು ಕೂರಲು ರಾತ್ರಿ ಮಲಗಲು ಆಗುವ ದಿವಾನ್. ತೆಳು ಕೈಹಿಡಿಯ ಮರದ ಸೋಫಾ ಅಷ್ಟೇ ಜನರನ್ನು ಕಡಿಮೆ ಜಾಗದಲ್ಲಿ ಕೂರಿಸುತ್ತದೆ. ದಪ್ಪ ಕೈಹಿಡಿಯ ಸೋಫಾದಲ್ಲಿ ಎರಡು ಕೈಹಿಡಿಗಳೇ ಒಂದೂವರೆ ಅಡಿ ತಿನ್ನಬಹುದು.

ಸೋಫಾ ಕಮ್ ಬೆಡ್ ಕೊಳ್ಳುವುದಾದರೆ ಬಿಚ್ಚಿದ ಮೇಲಿನ ಅಳತೆಗೇ ಗೆರೆ ಎಳೆಯಿರಿ. ಒಂದು ಎಚ್ಚರಿಕೆ: ಹಸುಗೂಸನ್ನು ಎದೆಗವಚಿಕೊಂಡು ಸೋಫಾದ ಮೇಲೆ ನಿದ್ದೆ ಹೋಗಬೇಡಿ. ಕುಶನ್ ಸಂದಿಯಲ್ಲಿ ಮಗುವಿನ ಮುಖ ಸಿಕ್ಕಿ ಉಸಿರುಗಟ್ಟುವ ಅಪಾಯ ಬಹಳ ಹೆಚ್ಚು ಎಂದು ಅಮೆರಿಕದ ಮಕ್ಕಳ ತಜ್ಞರ ಸಂಘ ಸ್ಪಷ್ಟವಾಗಿ ಎಚ್ಚರಿಸಿದೆ. ಚಾಪೆಯೋ ತೊಟ್ಟಿಲೋ, ಮಗುವಿಗೆ ಸಮತಟ್ಟಾದ ಗಟ್ಟಿ ಹಾಸಿಗೆಯೇ ಇರಲಿ.

ವಾಸ್ತು ನೋಡುವವರು ನೋಡಲಿ, ಅದು ಅವರವರ ನಂಬಿಕೆ. ಅದು ಯಾವ ದಿಕ್ಕು ಎಂದು ಹೇಳಬಹುದು, ಎಷ್ಟು ಅಡಿ ಎಂದು ಟೇಪೇ ಹೇಳಬೇಕು.

ಹೊಸ ಸೋಫಾ ಮೇಲೆ ಕೂರುವ ಆಸೆ ತಪ್ಪಲ್ಲ. ಇಷ್ಟು ವರ್ಷ ಹೊಲದಲ್ಲಿ ಬಾಗಿ ದುಡಿದ ಅಮ್ಮ ಸಂಜೆ ಹೊತ್ತು ಬೆನ್ನು ಒರಗಿಸಿ ಕೂರಲು ಒಂದು ಜಾಗ ಬೇಕೇಬೇಕು. ಆ ಜಾಗ ಅವರ ಮಂಡಿಗೆ ಹೊಂದಲಿ, ಅವರು ರಾತ್ರಿ ಬಚ್ಚಲಿಗೆ ಹೋಗುವ ದಾರಿಗೆ ಅಡ್ಡ ಬಾರದಿರಲಿ. "ಮೂರರಲ್ಲಿ ಎರಡು ಪಾಲು" ಫಾರ್ವರ್ಡ್ ಇನ್ನೊಮ್ಮೆ ಬಂದರೆ ಮುಂದೆ ಕಳಿಸುವ ಮುನ್ನ ಒಂದು ಪ್ರಶ್ನೆ ಸೇರಿಸಿ ಕಳಿಸಿ: "ಸೋಫಾ ಇಟ್ಟ ಮೇಲೆ ನಿಮ್ಮ ಮನೆಯಲ್ಲಿ ಎಷ್ಟು ಚಾಪೆ ಹಾಸಬಹುದು?"